ಇಡ್ಲಿಯ ಕೊನೆಗೆ ವೈ: ಒಂದು ಪದಪೆಟ್ಟಿಗೆ ಕಟ್ಟಿದ ಟಿಪ್ಪಣಿ

ಎಂಟು ವಾರ ಹಿಡಿದ ಕೆಲಸ ನಿನ್ನೆಗೆ ಮುಗಿಯಿತು. ಮುಗಿಯಿತು ಅಂದರೆ ಮುಕ್ಕಾಲು ಪಾಲು. ಮೇಜಿನ ಮೇಲೆ 6 ಮಿ.ಮೀ ಪ್ಲೈವುಡ್ಡಿನ ಪೆಟ್ಟಿಗೆಯೊಂದು ಕೂತಿದೆ. ಒಳಗೆ ಐದು ಖಾನೆ, ಪದ ಕಲಿಯುವ 212 ಕಾರ್ಡು. ಪಕ್ಕದಲ್ಲಿ ನಮ್ಮ ಹಳೆಯ ಸ್ಕ್ರ್ಯಾಬಲ್ ಸೆಟ್ಟು, ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಆಟದ್ದು. ಅದರ ಚೀಲದಲ್ಲಿ ಈಗ ಲೆಕ್ಕಕ್ಕೆ ಸರಿಯಾಗಿ ನೂರು ಬಿಲ್ಲೆಗಳಿವೆ, ಅವುಗಳಲ್ಲಿ ಮೂರು ನನ್ನ ಕೈಯವು. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ನಾನು ಹಾಳು ಮಾಡಿದ ಪ್ಲೈವುಡ್ಡು ಅವರಿಗಾದರೂ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ.

ಅಕ್ಟೋಬರ್ 4: ಕಾರಣ

ದಸರಾ ರಜೆಗೆ ಅಕ್ಕ-ಭಾವ ಶಿವಮೊಗ್ಗಕ್ಕೆ ಬಂದಿದ್ದರು. ರಾತ್ರಿ ಊಟವಾದ ಮೇಲೆ ಬೋರ್ಡು ಹರಡಿದೆವು. ನನ್ನ ಕೈಗೆ ಐ, ಡಿ, ಎಲ್, ವೈ ಬಂದಿದ್ದವು. ಇಡ್ಲಿ ಹಾಕಿದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಬೋರ್ಡಿನಲ್ಲಿ ದಿನಾ ನೋಡುವ ಸ್ಪೆಲಿಂಗೇ, ಕೊನೆಗೆ ವೈ. ಭಾವ ಮೀಸೆಯಡಿ ನಕ್ಕರು, ಏನೂ ಅನ್ನಲಿಲ್ಲ. ಎರಡು ಸುತ್ತು ಕಳೆದು ನಾನು ಅದರ ಬೆನ್ನಿಗೆ ಎಸ್ ಅಂಟಿಸಿ ಕೆಳಗೆ ಇನ್ನೊಂದು ಪದ ಇಳಿಸಿದೆ.

"ಚಾಲೆಂಜ್," ಅಂದರು, ಪದ ಪಟ್ಟಿಯಲ್ಲಿದೆಯೇ ನೋಡೋಣ ಎಂಬ ಸವಾಲು.

"ಇಡ್ಲಿಗೆ ಚಾಲೆಂಜಾ ಭಾವ?"

"ಇಡ್ಲಿಗಲ್ಲ ಕಣಯ್ಯ. ನೀನು ಹಾಕಿದ್ದು ಇಡ್ಲಿಯೇ ಅಲ್ಲ."

ಬ್ಯಾಗಿನಿಂದ ಕಾಲಿನ್ಸ್ ಪದಪಟ್ಟಿ, ಅಂದರೆ ಆಟದಲ್ಲಿ ನಡೆಯುವ ಪದಗಳ ಪುಸ್ತಕ, ತೆಗೆದು ತೋರಿಸಿದರು. ಐ-ಡಿ-ಎಲ್-ವೈ ಪಟ್ಟಿಯಲ್ಲಿದೆ, ಆದರೆ ಅದು 'ಐಡ್ಲಿ': ಸೋಮಾರಿಯಾಗಿ, ಸುಮ್ಮನೆ ಎಂಬ ಕ್ರಿಯಾವಿಶೇಷಣ. ಸುಮ್ಮನೆ ಎನ್ನುವುದಕ್ಕೆ ಬಹುವಚನ ಎಲ್ಲಿಂದ ಬರಬೇಕು? ಹಬೆಯಲ್ಲಿ ಬೇಯುವ ಇಡ್ಲಿಗೆ ಕೊನೆಯಲ್ಲೂ ಐ. ಅದಕ್ಕೆ ಎಸ್ ಹತ್ತುತ್ತದೆ, ನನ್ನದಕ್ಕೆ ಹತ್ತುವುದಿಲ್ಲ. ಬಿಲ್ಲೆ ವಾಪಸ್ ತೆಗೆದುಕೊಂಡು ಸರದಿ ಕಳೆದುಕೊಂಡೆ.

ಮುಂದಿನ ಸರದಿಯಲ್ಲಿ ಅವರು ಕ್ಯೂ ಬಿಲ್ಲೆಯನ್ನು ಟ್ರಿಪಲ್ ಲೆಟರ್ ಚೌಕದ (ಅಕ್ಷರದ ಅಂಕ ಮೂರರಷ್ಟಾಗುವ ಜಾಗ) ಮೇಲಿಟ್ಟು, ಬಲಕ್ಕೊಂದು ಐ ಇಟ್ಟರು, ಕೆಳಗೆ ಬೋರ್ಡಿನಲ್ಲಿ ಆಗಲೇ ಒಂದು ಐ ಇತ್ತು. ಕ್ಯೂ-ಐ, ಚೀನೀ ಭಾಷೆಯಿಂದ ಬಂದ 'ಚೀ', ನಮ್ಮ ಪ್ರಾಣಶಕ್ತಿ ಇದ್ದ ಹಾಗೆ. ಅಡ್ಡಕ್ಕೆ 31, ಉದ್ದಕ್ಕೆ 31. ಎರಡು ಬಿಲ್ಲೆಗೆ 62 ಅಂಕ.

ಇದರಲ್ಲಿ ಇನ್ನೊಂದು ನಾಚಿಕೆಯ ಸಂಗತಿ ಇದೆ. ನಮ್ಮ ಸೆಟ್ಟಿನ ಕ್ಯೂ ಕಳೆದುಹೋಗಿ ವರ್ಷಗಳಾದವು. ಅದರ ಜಾಗದಲ್ಲಿ ಬಿಸ್ಕತ್ತಿನ ಪೊಟ್ಟಣದ ರಟ್ಟು ಕತ್ತರಿಸಿ ಹಾಕಿದ್ದೆವು. ಚೀಲಕ್ಕೆ ಕೈ ಹಾಕಿದರೆ ಬೆರಳಿಗೇ ಗೊತ್ತಾಗುತ್ತಿತ್ತು. ಯು ಇಲ್ಲದೆ ಕ್ಯೂ ದಂಡ ಎಂದು ನಂಬಿದ್ದ ನಾವೆಲ್ಲ ಅದು ಸಿಕ್ಕರೆ ಮೆಲ್ಲಗೆ ಬಿಟ್ಟು ಬೇರೆಯದನ್ನು ಎತ್ತಿಕೊಳ್ಳುತ್ತಿದ್ದೆವು. ಭಾವ ಬೇಕೆಂದೇ ಅದನ್ನು ಹೆಕ್ಕಿಕೊಂಡಿದ್ದರು. "ನೀವು ಬಿಟ್ಟಿದ್ದನ್ನು ನಾನು ತಗೊಂಡೆ, ಮೋಸ ಯಾರದು ಹೇಳು," ಅಂದರು.

ಹಾಗಾಗಿ ಕೆಲಸ ಎರಡಾಯಿತು: ಬಿಲ್ಲೆ ಮಾಡುವುದು, ಪದ ಕಲಿಯಲು ಏನಾದರೂ ಒಂದು ಸಾಧನ ಮಾಡಿಕೊಳ್ಳುವುದು.

ಅಕ್ಟೋಬರ್ 5: ಎಣಿಕೆ

ಭಾನುವಾರ ಬೆಳಿಗ್ಗೆ ಮಗಳ ಜತೆ ಕೂತು ಬಿಲ್ಲೆಗಳನ್ನು ಚಾಪೆಯ ಮೇಲೆ ಸುರಿದೆವು. ಇರಬೇಕಾದದ್ದು 98 ಅಕ್ಷರ, 2 ಖಾಲಿ. ಒಂದೊಂದೇ ಅಕ್ಷರವನ್ನು ಪಟ್ಟಿ ಹಿಡಿದು ನೋಡುವ ಮೊದಲು ಒಂದು ಸುಲಭ ಪರೀಕ್ಷೆ ಇದೆ: ಎಲ್ಲ ಬಿಲ್ಲೆಗಳ ಅಂಕ ಕೂಡಿಸಿದರೆ 187 ಬರಬೇಕು. ರಟ್ಟಿನದನ್ನು ಬಿಟ್ಟು ಕೂಡಿಸಿದರೆ ನಮ್ಮದು 171 ಬಂತು, ಬಿಲ್ಲೆ 97. ಮೂರು ಬಿಲ್ಲೆಗೆ 16 ಅಂಕ ಕಡಿಮೆ. ಕ್ಯೂ 10 ಎಂದು ಗೊತ್ತೇ ಇತ್ತು. ಉಳಿದ 6ರಲ್ಲಿ 5 ಕೆ, 1 ಐ. ಕೆ ಇಲ್ಲದೆಯೇ ಎಷ್ಟು ವರ್ಷ ಆಡಿದ್ದೇವೋ ದೇವರಿಗೇ ಗೊತ್ತು.

ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದಲ್ಲಿ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಈ ಲೆಕ್ಕ ಕೂರಿಸಿದ. ಇ 12, ಎ ಮತ್ತು ಐ ತಲಾ 9. ಕ್ಯೂ, ಝಡ್, ಜೆ, ಎಕ್ಸ್, ಕೆ ಒಂದೊಂದೇ. ಕಳೆದುಹೋಗುವಾಗಲೂ ಒಂದೊಂದೇ ಇರುವವೇ ಮೊದಲು ಹೋಗುತ್ತವೆ.

ಅಳತೆ (ನನ್ನ ಸೆಟ್ಟಿನದು, ಬೇರೆ ಸೆಟ್ಟಿನದು ಬೇರೆ ಇರಬಹುದು): ಅಗಲ 18 ಮಿ.ಮೀ, ಎತ್ತರ 20, ದಪ್ಪ 4.

ಅಕ್ಟೋಬರ್ 12: ಬಿಲ್ಲೆ, ಎರಡು ಸೋಲು

ಮೊದಲ ಪ್ರಯತ್ನ 4 ಮಿ.ಮೀ ಪ್ಲೈ. ಕತ್ತರಿಸಿದ ಅಂಚಿನಲ್ಲಿ ಪದರಗಳು ಪಟ್ಟೆಪಟ್ಟೆಯಾಗಿ ಕಂಡವು. ತೂಕವೂ ಕಡಿಮೆ. ಮಾರ್ಕರ್‌ನಲ್ಲಿ ಅಕ್ಷರ ಬರೆದರೆ ಮಸಿ ಎಳೆ ಹಿಡಿದು ಹರಡಿ, ಕ್ಯೂ ಹೋಗಿ ಕಾಲು ಬಂದ ಜೇಡದಂತಾಯಿತು.

ಎರಡನೆಯದು ತೇಗ. ನಮ್ಮ ಬೀದಿಯ ಬಡಗಿ ತುಂಡೊಂದನ್ನು 4.5 ಮಿ.ಮೀ.ಗೆ ಸೀಳಿಕೊಟ್ಟರು, 80 ರೂ. ತಗೊಂಡರು. 120, 220, 400 ನಂಬರಿನ ಉಪ್ಪುಕಾಗದ ಒಂದಾದ ಮೇಲೊಂದು ಹಿಡಿದು 4 ಮಿ.ಮೀ.ಗೆ ತಂದೆ. ಬೆರಳಿಗೆ ವ್ಯತ್ಯಾಸ ಗೊತ್ತಾಗದಷ್ಟು ಚೆನ್ನಾಗಿ ಬಂತು. ಖುಷಿಯಲ್ಲಿ ಅಕ್ಷರ ಬರೆದು ಮಗಳನ್ನು ಕರೆದೆ. ಅವಳು ಅದನ್ನು ನನ್ನ ಸ್ಟ್ಯಾಂಡಿನಲ್ಲಿ ಉಳಿದ ಆರರ ಜತೆ ಇಟ್ಟು, ಎದುರು ಹೋಗಿ ಕೂತು, "ಅಪ್ಪಾ, ಮೂರನೆಯದು ಕ್ಯೂ," ಅಂದಳು. ಸ್ಟ್ಯಾಂಡಿನ ಬಿಲ್ಲೆಯ ಬೆನ್ನು ಎದುರಾಳಿಗೆ ಕಾಣುತ್ತದೆ. ತಿಳಿ ಬಣ್ಣದ ಆರರ ನಡುವೆ ಒಂದು ಕಂದು ಬೆನ್ನು. ಚೀಲದೊಳಗಿನ ಬೆರಳನ್ನಷ್ಟೇ ಯೋಚಿಸಿದ್ದೆ, ಕಣ್ಣನ್ನು ಮರೆತಿದ್ದೆ.

ಅಕ್ಟೋಬರ್ 19: ಪೈನ್ ಮತ್ತು ಟೀ ಡಿಕಾಕ್ಷನ್

ಫ್ರಿಜ್ಜು ಬಂದಿದ್ದ ಪ್ಯಾಕಿಂಗ್ ಪಟ್ಟಿಗಳು ಅಟ್ಟದ ಮೇಲಿದ್ದವು, ಬಿಳಿ ಪೈನ್ ಮರ. ಬಡಗಿ ಸೀಳಿಕೊಟ್ಟರು (100 ರೂ., ಈ ಸಲ ಮೂರೂ ಬಿಲ್ಲೆಗೆ ಸಾಕಾಗುವಷ್ಟು ಪಟ್ಟಿ). ಈಗ ತೊಂದರೆ ಉಲ್ಟಾ: ಇದು ವಿಪರೀತ ಬಿಳಿ. ಮೂವತ್ತು ವರ್ಷ ಕೈ ತಾಗಿದ ಬಿಲ್ಲೆಗಳಿಗೆ ಒಂದು ಹಳದಿ ಬಣ್ಣ ಬಂದಿರುತ್ತದಲ್ಲ, ಅದು ಬೇಕು.

ಫಿಲ್ಟರ್ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿದ ತುಂಡು ತೇಗದ ತಮ್ಮನಾಯಿತು. ಟೀ ಪುಡಿ ಕುದಿಸಿ ಸೋಸಿ, ಆರಿದ ಮೇಲೆ 5 ನಿಮಿಷ ಅದ್ದಿದ್ದು ಹತ್ತಿರ ಬಂತು. 8 ನಿಮಿಷದ್ದು ಸರಿಹೋಯಿತು. ಒದ್ದೆ ಮರ ಸ್ವಲ್ಪ ಉಬ್ಬುತ್ತದೆ, ರಾತ್ರಿಯಿಡೀ ಒಣಗಿಸಿದ ಮೇಲೆಯೇ ಕೊನೆಯ ಉಪ್ಪುಕಾಗದ ಹಿಡಿಯಬೇಕು. ನಾನು ಅವಸರ ಮಾಡಿ ಐ ಬಿಲ್ಲೆಯನ್ನು 3.6ಕ್ಕೆ ಇಳಿಸಿ ಮತ್ತೆ ಮಾಡಿದೆ.

ಮಸಿ ಹರಡುವುದಕ್ಕೆ ಬಡಗಿಯ ಉಪಾಯ: ಫೆವಿಕಾಲ್‌ಗೆ ಅದರಷ್ಟೇ ನೀರು ಬೆರೆಸಿ ಮೇಲ್ಮೈಗೆ ಒಂದು ಕೈ ಬಳಿದು, ಒಣಗಿಸಿ, ಆಮೇಲೆ ಬರೆಯುವುದು. ಕ್ಯೂ ಮತ್ತು ಐ ಚೆನ್ನಾಗಿ ನಿಂತವು. ಕೆ ಬಿಲ್ಲೆಗೆ ಬಳಿದದ್ದು ತೆಳುವಾಯಿತು, ಅದರ ಕಾಲು ಈಗಲೂ ಕೊಂಚ ಹರಡಿದೆ.

ಕೊನೆಯ ಸಮಸ್ಯೆ ಅಂಚು. ಹೊಸ ಬಿಲ್ಲೆಯ ಅಂಚು ಚೂಪು, ಹಳೆಯವು ಸವೆದು ದುಂಡಾದವು. ತಗಡಿನ ಡಬ್ಬಕ್ಕೆ ಭತ್ತದ ಹೊಟ್ಟು ತುಂಬಿ 20 ನಿಮಿಷ ಅಲ್ಲಾಡಿಸಿದೆ. ತೋಳು ನೋವು ಬಂತು, ಅಂಚಿಗೆ ಏನೂ ಆಗಲಿಲ್ಲ. ಮರಳು ಹಾಕಿ 10 ನಿಮಿಷ ಅಲ್ಲಾಡಿಸಿದ ಮೇಲೆ ದುಂಡಾಯಿತು. ಮರಳಾಟ ಅಕ್ಷರ ಬರೆಯುವ ಮೊದಲೇ ಆಗಬೇಕು ಎಂಬುದು ಬರೆದಾದ ಮೇಲೆ ಹೊಳೆಯಿತು. ಎರಡನೇ ಸಲ ಬರೆದೆ.

ಅಕ್ಟೋಬರ್ 26: ಬರೆದದ್ದು, ಹರಿದದ್ದು

ಪ್ರೆಸ್ಸಿನವರ ಹತ್ತಿರ ಖಾಲಿ ವಿಸಿಟಿಂಗ್ ಕಾರ್ಡು 250 ತಂದೆ, 100 ರೂ., ಒಂದೊಂದೂ 90ಕ್ಕೆ 54 ಮಿ.ಮೀ. ಭಾವ ತಮ್ಮ ಕಾಲಿನ್ಸ್ ಪಟ್ಟಿಯನ್ನು ಬಿಟ್ಟುಹೋಗಿದ್ದರು, 2019ರದ್ದು. ಅದರಲ್ಲಿ 2,79,496 ಪದಗಳು. ಅಷ್ಟನ್ನೂ ಕಲಿಯಲು ಇನ್ನೊಂದು ಜನ್ಮ ಬೇಕು. ನನಗೆ ಬೇಕಿದ್ದದ್ದು ಕಷ್ಟಕಾಲಕ್ಕೆ ಆಗುವವು: ಯು ಇಲ್ಲದ ಕ್ಯೂ, ಜಾಗ ಸಿಗದ ಝಡ್, ಬರೀ ಸ್ವರ ತುಂಬಿದ ಕೈ, ಸ್ವರವೇ ಇಲ್ಲದ ಕೈ. ಇಂಥವು ಮುಕ್ಕಾಲುಪಾಲು ಇಂಗ್ಲಿಷ್ ಬೇರೆ ಭಾಷೆಗಳಿಂದ ಎತ್ತಿಕೊಂಡು ಹೋದ ಪದಗಳೇ.

ಆ ವಾರ ರಾತ್ರಿ ರಾತ್ರಿ ಕೂತು ಬರೆದೆ. ಬರೆದದ್ದನ್ನು ಫೋನಿನ ಆ್ಯಪ್ ಒಂದರಲ್ಲಿ ಹಾಕಿ ಪರೀಕ್ಷಿಸಿದೆ. ಝಡ್-ಓ ತಪ್ಪು ಅಂತು. ಡಿ-ಝಡ್-ಓ ತಪ್ಪು. ಝಡ್-ಎಚ್-ಓ ತಪ್ಪು. ಕೆ-ವೈ ತಪ್ಪು. ಪುಸ್ತಕ ನೋಡಿ ಬರೆಯುವಾಗ ಸಾಲು ತಪ್ಪಿ ಕಣ್ಣು ಜಾರಿದೆ ಎಂದುಕೊಂಡು 31 ಕಾರ್ಡು ಹರಿದು ಬಿಸಾಡಿದೆ.

ಮರುದಿನ ಭಾವನಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ: "ಆ್ಯಪ್‌ನಲ್ಲಿ ಯಾವ ಪಟ್ಟಿ ಇಟ್ಟಿದ್ದೀಯ?" ನೋಡಿದರೆ ಅಮೆರಿಕದ್ದು. ಅಮೆರಿಕ, ಕೆನಡಾದವರ ಪಟ್ಟಿ ಬೇರೆ, ಚಿಕ್ಕದು. ಭಾರತದ ಪಂದ್ಯಾವಳಿಗಳಲ್ಲಿ ನಡೆಯುವುದು ಕಾಲಿನ್ಸ್. ಎರಡಕ್ಷರದ ಪದಗಳೇ ಅಲ್ಲಿ 107, ಇಲ್ಲಿ 127. ಸೆಟ್ಟಿಂಗ್ ಬದಲಿಸಿದೆ, ಹರಿದವೆಲ್ಲ ಸರಿಯಾಗಿದ್ದವು. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದಡ್ಡ ತಪ್ಪು ಇದೇ. ಮೊದಲ ಕಾರ್ಡು ಬರೆಯುವ ಮೊದಲು ಪಟ್ಟಿ ಯಾವುದು ಎಂದು ಆಡುವವರೆಲ್ಲ ಒಪ್ಪಿಕೊಳ್ಳಬೇಕು.

ಹರಿದವುಗಳನ್ನು ಮತ್ತೆ ಬರೆಯುವಾಗ ಝಡ್ ಗುಂಪು ಬಾಯಿಪಾಠವೇ ಆಯಿತು, ಅಷ್ಟು ಲಾಭ. ಟಿಬೆಟ್ ಕಡೆ ಯಾಕ್ ಮತ್ತು ಹಸುವಿನ ಮಿಶ್ರತಳಿಯ ದನ ಇದೆ. ಅದರ ಹೆಸರನ್ನು ಕೇಳಿದ ಇಂಗ್ಲಿಷರು ಒಬ್ಬೊಬ್ಬರು ಒಂದೊಂದು ಥರ ಬರೆದುಕೊಂಡರು: ಝಡ್-ಓ, ಡಿ-ಝಡ್-ಓ, ಝಡ್-ಎಚ್-ಓ, ಡಿ-ಎಸ್-ಓ. ನಾಲ್ಕೂ ನಡೆಯುತ್ತವೆ. ಒಂದು ದನಕ್ಕೆ ನಾಲ್ಕು ಹಗ್ಗ.

ನವೆಂಬರ್ 2: ಪೆಟ್ಟಿಗೆ

ಕಾರ್ಡು 90 ಅಗಲ. ಎರಡೂ ಕಡೆ 2 ಮಿ.ಮೀ ಸಡಿಲ ಬಿಟ್ಟರೆ 94. ಹಾಗಂತ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ, 94ಕ್ಕೆ ಸರಿಯಾಗಿ ತಳ ಕತ್ತರಿಸಿದೆ, ಅದರ ಮೇಲೆಯೇ ಪಕ್ಕದ ಹಲಗೆಗಳನ್ನು ನಿಲ್ಲಿಸಿ ಮೊಳೆ ಹೊಡೆದೆ. ಹಲಗೆ ತಲಾ 6 ಮಿ.ಮೀ ತಿಂದಿತು. ಒಳಗೆ ಉಳಿದದ್ದು 82. ಕಾರ್ಡು ಹೋಗಲಿಲ್ಲ. ಅಡ್ಡ ತಿರುಗಿಸಿ ನಿಲ್ಲಿಸಿದರೆ 54 ಅಗಲವೇನೋ ಹಿಡಿಸುತ್ತದೆ, ಆದರೆ 90 ಎತ್ತರಕ್ಕೆ ಮುಚ್ಚಳ ಮುಚ್ಚುವುದಿಲ್ಲ. ಫೆವಿಕಾಲ್ ಆಗಲೇ ಹಿಡಿದಿತ್ತು. ಅದೀಗ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಪೆಟ್ಟಿಗೆ.

ಎರಡನೇ ಸಲದ ಅಳತೆ, ಎಲ್ಲ ಒಳಗಿನದು: ಅಗಲ 94, ಎತ್ತರ 60, ಉದ್ದ 287 ಮಿ.ಮೀ. ಉದ್ದದಲ್ಲಿ 55ರ ಐದು ಖಾನೆ, ನಡುವೆ 3 ಮಿ.ಮೀ ಹಾರ್ಡ್‌ಬೋರ್ಡಿನ ನಾಲ್ಕು ತಡೆ. ಹೊರಗಿನ ಅಗಲ 106. ಮುಕ್ಕಾಲಿಂಚಿನ ಮೊಳೆ, ಎರಡು ಸಣ್ಣ ಕೀಲು, ಒಂದು ಕೊಕ್ಕೆ. ಮೊಳೆಗೆ ಮೊದಲು ಸಣ್ಣ ತೂತು ಕೊರೆಯದೆ ಹೊಡೆದರೆ 6 ಮಿ.ಮೀ ಪ್ಲೈ ಸೀಳುತ್ತದೆ. ಒಂದು ಮೂಲೆ ಸೀಳಿದೆ, ಕಾಣುತ್ತದೆ, ಬಿಟ್ಟಿದ್ದೇನೆ.

ಐದು ಖಾನೆಯ ಪದ್ಧತಿ ಲೈಟ್ನರ್ ಎಂಬ ಜರ್ಮನ್ ಲೇಖಕನದು. ಕಾರ್ಡು ಮೊದಲ ಖಾನೆಯಿಂದ ಹೊರಡುತ್ತದೆ. ಸರಿ ಹೇಳಿದರೆ ಮುಂದಿನ ಖಾನೆ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ಹದಿನೈದು ದಿನಕ್ಕೆ.

ಇಲ್ಲೂ ಒಂದು ಎಡವಟ್ಟು. 10 ಕಾರ್ಡು ಒತ್ತಿ ಹಿಡಿದರೆ 4 ಮಿ.ಮೀ. 212 ಕಾರ್ಡಿಗೆ ಸುಮಾರು 85. ನನ್ನ ಮೊದಲ ಖಾನೆ 55. ಶುರುವಿಗೆ ಎಲ್ಲವೂ ಮೊದಲ ಖಾನೆಯಲ್ಲೇ ಇರಬೇಕಲ್ಲ! ಖಾನೆಗಳನ್ನು ಸಮ ಮಾಡುವ ಚಂದಕ್ಕೆ ಬಿದ್ದು ಇದು ತಲೆಗೇ ಬರಲಿಲ್ಲ. ಈಗ ವಾರಕ್ಕೆ 60ರಂತೆ ಒಳಗೆ ಬಿಡುತ್ತಿದ್ದೇನೆ, ಉಳಿದವು ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೊರಗೆ ಕಾಯುತ್ತವೆ. ಇನ್ನೊಮ್ಮೆ ಮಾಡಿದರೆ ಮೊದಲನೆಯದನ್ನು 100 ಮಾಡುತ್ತೇನೆ.

ನವೆಂಬರ್ 9: ಕಾರ್ಡಿನ ಮುಖ

ಮೊದಲು ಮುಂದೆ ಪದ, ಹಿಂದೆ ಅರ್ಥ ಬರೆದಿದ್ದೆ. ವಾರ ಓದಿದೆ. ಪ್ರಶ್ನೆ ಕೇಳಿದರೆ ಪಟಪಟ ಹೇಳುತ್ತೇನೆ, ಬಿಲ್ಲೆ ಕೈಗೆ ಕೊಟ್ಟರೆ ಒಂದೂ ಕಾಣುವುದಿಲ್ಲ. ಬಿಲ್ಲೆಗಳು ಪದವಾಗಿ ಬರುವುದಿಲ್ಲ, ಚೆಲ್ಲಾಪಿಲ್ಲಿಯಾಗಿ ಬರುತ್ತವೆ. ಆದ್ದರಿಂದ ಮುಂಭಾಗದಲ್ಲಿ ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಬರೆದು, ಹಿಂಭಾಗದಲ್ಲಿ ಪದ ಇಡಬೇಕು. ಆಡುವಾಗ ಕೈಯಲ್ಲಿರುವ ಬಿಲ್ಲೆಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿಕೊಂಡರೆ ಕಾರ್ಡಿನ ಮುಖ ನೆನಪಾಗುತ್ತದೆ. ಎಲ್ಲ ಕಾರ್ಡುಗಳ ಮುಂದಿನ ಪದಕ್ಕೆ ಬಿಳಿ ಚೀಟಿ ಅಂಟಿಸಿ ಹೊಸದಾಗಿ ಬರೆದೆ. ಮಗಳು ಅರ್ಧ ಬರೆದಳು, ಅಕ್ಷರ ಅವಳದೇ ಚೆಂದ.

ಎ-ಎ-ಎಲ್-ಕ್ಯೂ-ಟಿ ಎಂದರೆ ತಲಾಖ್, ಇಂಗ್ಲಿಷಿನಲ್ಲಿ ಟಿ-ಎ-ಎಲ್-ಎ-ಕ್ಯೂ. ಸೀರೆಯ ಎಸ್-ಎ-ಆರ್-ಐ ಜೋಡಿಸಿದರೆ ಎ-ಐ-ಆರ್-ಎಸ್ ಬಂತು, ಅದು ತಾನೇ ಇನ್ನೊಂದು ಪದ. ಮುಖವೂ ಪದ, ಬೆನ್ನೂ ಪದ, ಅಂಥ ಕಾರ್ಡಿಗೆ ಮೂಲೆಯಲ್ಲಿ ಕೆಂಪು ಚುಕ್ಕೆ ಇಟ್ಟೆವು.

ವಿಂಗಡಣೆಯಲ್ಲೂ ಮೂರು ಸಲ ಎಡವಿದೆ. ಅಕಾರಾದಿ ಉಪಯೋಗವಿಲ್ಲ. ಭಾಷೆಯ ಪ್ರಕಾರ ಜೋಡಿಸಿದ್ದು ಓದಲು ಮಜಾ ಇತ್ತು, ಆಟಕ್ಕೆ ಬರಲಿಲ್ಲ. ಅರಬ್ಬಿ ಪದ ಬೇಕು ಅಂತ ಯಾರ ಕೈಯೂ ಕೇಳುವುದಿಲ್ಲ. ಕೊನೆಗೆ ಕಷ್ಟದ ಪ್ರಕಾರ ಇಟ್ಟೆ.

ಕ್ಯೂ ಗುಂಪಿಗೆ 30 ಕಾರ್ಡು. ಕ್ಯೂ-ಎ-ಟಿ, ಯೆಮನ್ ಕಡೆ ಜಗಿಯುವ ಎಲೆ. ಎಸ್-ಯು-ಕ್ಯೂ, ಅರಬರ ಸಂತೆ; ಇದರಲ್ಲಿ ಯು ಇದೆ, ಆದರೆ ಕ್ಯೂಗಿಂತ ಮೊದಲು. ಕ್ಯೂ-ಎ-ಡಿ-ಐ ನಮ್ಮ ಖಾಜಿ. ಕ್ಯೂ-ಓ-ಪಿ-ಎಚ್ ಹೀಬ್ರೂ ಅಕ್ಷರ. ಫಕೀರ, ನಿಖಾಬ್, ಬುರ್ಖಾ, ಕವ್ವಾಲಿ ಇವುಗಳಿಗೂ ಕ್ಯೂ ಸ್ಪೆಲಿಂಗ್ ಇದೆ. ಕ್ಯೂ-ಎ-ಎನ್-ಎ-ಟಿ ಕಾರ್ಡಿನ ಮೇಲೆ ನಾನು 'ಇರಾನಿನ ನೆಲದಡಿಯ ಕಾಲುವೆ' ಎಂದು ಬರೆದಿದ್ದೆ. ಮಗಳು ಅದನ್ನು ಹೊಡೆದು 'ಬೀದರ್' ಅಂತ ಬರೆದಳು. ಹೋದ ವರ್ಷದ ಪ್ರವಾಸದಲ್ಲಿ ನೌಬಾದಿನ ಹತ್ತಿರ ಬಹಮನಿ ಕಾಲದ ಆ ಸುರಂಗ ನೋಡಿ ಬಂದಿದ್ದಳು. ಇಂಥ ಕಾರ್ಡು ಎಂದೂ ಮೊದಲ ಖಾನೆಗೆ ವಾಪಸ್ ಬರುವುದಿಲ್ಲ.

ಸ್ವರ ತುಂಬಿದ ಕೈಗೆ: ಎ-ಎ, ಹವಾಯಿಯ ಒರಟು ಲಾವಾ. ಎ-ಐ, ದಕ್ಷಿಣ ಅಮೆರಿಕದ ಮೂರು ಬೆರಳಿನ ನಿಧಾನಜೀವಿ. ಎ-ಎ-ಎಲ್-ಐ-ಐ, ಮತ್ತೆ ಹವಾಯಿಯ ಗಿಡ. ಸ್ವರವಿಲ್ಲದ ಕೈಗೆ ವೇಲ್ಸ್‌ನವರೇ ಗತಿ: ಸಿ-ಡಬ್ಲ್ಯು-ಎಂ ಎಂದರೆ ಬೆಟ್ಟದ ಮಡಿಲಿನ ಕಣಿವೆ, ಸಿ-ಆರ್-ಡಬ್ಲ್ಯು-ಟಿ-ಎಚ್ ಎಂದರೆ ಒಂದು ತಂತಿವಾದ್ಯ. ಎಕ್ಸ್ ಸಿಕ್ಕರೆ ಎಕ್ಸ್-ಯು, ವಿಯೆಟ್ನಾಮಿನ ಚಿಲ್ಲರೆ ಕಾಸು.

ನವೆಂಬರ್ 16: ಮನೆಯ ಪದಗಳು, ಹೆಚ್ಚು ತಪ್ಪಿದ್ದು ಇಲ್ಲೇ

ಖಾನೆಗಳ ಲೆಕ್ಕ ನೋಡಿದಾಗ ವಿಚಿತ್ರ ಕಂಡಿತು. ಹವಾಯಿ, ವೇಲ್ಸ್, ಟಿಬೆಟ್ ಎಲ್ಲ ಎರಡು-ಮೂರನೇ ಖಾನೆಗೆ ಹೋಗಿದ್ದವು. ಮೊದಲ ಖಾನೆಯಲ್ಲಿ ಕೊಳೆಯುತ್ತ ಬಿದ್ದಿದ್ದವು ನಮ್ಮ ಅಡುಗೆಮನೆಯ, ಕಚೇರಿಯ, ಗದ್ದೆಯ ಪದಗಳು. ಗೊತ್ತಿಲ್ಲದ ಪದವನ್ನು ಕಣ್ಣಿನಿಂದ ಕಲಿಯುತ್ತೇವೆ, ಬರೆದಂತೆ ನೆನಪಿರುತ್ತದೆ. ಗೊತ್ತಿರುವ ಪದ ಕಿವಿಯಲ್ಲಿ ಕೂತಿರುತ್ತದೆ. ಆಟ ಕೇಳುವುದು ನಮ್ಮ ಉಚ್ಚಾರವನ್ನಲ್ಲ, ಇನ್ನೂರು ವರ್ಷದ ಹಿಂದೆ ಯಾವನೋ ಕಂಪನಿ ಗುಮಾಸ್ತನಿಗೆ ಅದು ಹೇಗೆ ಕೇಳಿಸಿತು ಎಂಬುದನ್ನು.

ರಾಗಿ ನೋಡಿ. ಆರ್-ಎ-ಜಿ-ಐ ಸರಿ. ಆರ್-ಎ-ಜಿ-ಇ-ಇ ಕೂಡ ಸರಿ. ಎರಡು ಜಿ ಹಾಕಿ ಎರಡು ಇ ಹಾಕಿದರೂ ಸರಿ, ಎರಡು ಜಿ ಹಾಕಿ ವೈ ಹಾಕಿದರೂ ಸರಿ. ಪಂಚೆಯ ಧೋತಿಗೂ ನಾಲ್ಕು ಸ್ಪೆಲಿಂಗ್. ಬೇಳೆಯ ದಾಲ್‌ಗೆ ಎಚ್ ಇಲ್ಲದೆ ಒಂದು, ಡಿ ಆದ ಮೇಲೆ ಎಚ್ ಇಟ್ಟು ಒಂದು, ಎ ಆದ ಮೇಲೆ ಎಚ್ ಇಟ್ಟು ಇನ್ನೊಂದು. ತುಪ್ಪಕ್ಕೆ ಜಿ-ಎಚ್-ಐ, ಜಿ-ಎಚ್-ಇ-ಇ ಎರಡೂ ನಡೆಯುತ್ತವೆ. ಬೋರ್ಡಿನಲ್ಲಿ ಜಾಗ ಇಕ್ಕಟ್ಟಾದಾಗ ಮೂರಕ್ಷರದ್ದು ಪ್ರಾಣ ಉಳಿಸುತ್ತದೆ. ಇಂಥವಕ್ಕೆಲ್ಲ ಒಂದೇ ಕಾರ್ಡು ಮಾಡಿದ್ದು ನನ್ನ ತಪ್ಪು. ಒಂದು ಸ್ಪೆಲಿಂಗಿಗೆ ಒಂದು ಕಾರ್ಡು ಬೇಕು.

ಎಸ್ ಹಚ್ಚುವುದರಲ್ಲಿ ಇನ್ನೂ ದೊಡ್ಡ ಗುಂಡಿ. ಮೊದಲ 60 ಕಾರ್ಡಿನಲ್ಲಿ ಪದ ನಾಮಪದವೋ ಕ್ರಿಯಾಪದವೋ, ಏಕವಚನವೋ ಬಹುವಚನವೋ ಬರೆದಿರಲಿಲ್ಲ. ಇಡ್ಲಿಯಲ್ಲಿ ಪೆಟ್ಟು ತಿಂದವನು ಇದನ್ನೇ ಮರೆಯಬೇಕೇ? ದೋಸೆಗೆ ಡಿ-ಓ-ಎಸ್-ಎ, ಬಹುವಚನಕ್ಕೆ ಎಸ್ ಹಾಕಬಹುದು, ಐ ಕೂಡ ಹಾಕಬಹುದು. 'ದೋಸೈ' ಅಂದರೆ ತಮಿಳರಿಗೆ ಒಂದೇ ದೋಸೆ, ಪಟ್ಟಿಯಲ್ಲಿ ಮಾತ್ರ ಪ್ಲೇಟು ತುಂಬ. ಅದು ಆಗಲೇ ಬಹುವಚನ, ಮತ್ತೆ ಎಸ್ ಹತ್ತಿಸಬಾರದು. ಪಿ-ಎ-ಐ-ಎಸ್-ಇ ಕೂಡ ಹಾಗೇ, ಆಗಲೇ ಪೈಸೆಗಳು. ಇನ್ನು ಗಂಜಿ, ತಮಿಳಿನಿಂದ ಹೋದದ್ದು: ಸಿ-ಓ-ಎನ್-ಜೆ-ಇ-ಇ. ಇದನ್ನು ತಿನ್ನಲೂಬಹುದು, ಬಟ್ಟೆಗೆ ಹಾಕಲೂಬಹುದು, ಆದ್ದರಿಂದ ಕೊನೆಗೆ ಡಿ ಬರುತ್ತದೆ. ಅಜ್ಜ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸುತ್ತಿದ್ದ ಪಂಚೆಗಳು ಇಂಗ್ಲಿಷಿನಲ್ಲಿ ಒಂದು ಭೂತಕಾಲದ ಕ್ರಿಯಾಪದವಾಗಿ ಉಳಿದಿವೆ. ಘೇರಾವ್‌ಗೂ ಹೀಗೇ ಇ-ಡಿ ಹತ್ತುತ್ತದೆ. ಈಗ ಪ್ರತಿ ಕಾರ್ಡಿನ ಹಿಂದೆ ಮೂಲೆಯಲ್ಲಿ 'ನಾ', 'ಕ್ರಿ', 'ಬಹು' ಎಂದು ಬರೆದಿದ್ದೇನೆ. ಸಣ್ಣ ಕೆಲಸ, ಮೊದಲೇ ಮಾಡಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು.

ಕರಾವಳಿಯಿಂದ ಪೋರ್ಚುಗೀಸರ ಹಡಗು ಹತ್ತಿ ಹೋದವೂ ಇವೆ. ಮಲಯಾಳಂ ಕಡೆಯಿಂದ ತೆಂಗಿನ ನಾರು (ಸಿ-ಓ-ಐ-ಆರ್), ಕೊಬ್ಬರಿ (ಸಿ-ಓ-ಪಿ-ಆರ್-ಎ), ವೀಳ್ಯದೆಲೆ (ಬಿ-ಇ-ಟಿ-ಇ-ಎಲ್), ನಾನು ಬಿಲ್ಲೆಗೆ ಕೆಡಿಸಿದ ತೇಗ (ಟಿ-ಇ-ಎ-ಕೆ). ಅಡಿಕೆ ಎ-ಆರ್-ಇ-ಸಿ-ಎ ಆಯಿತು, ಐದರಲ್ಲಿ ಮೂರು ಸ್ವರ, ಕೈ ತೊಳೆದುಕೊಳ್ಳಲು ಒಳ್ಳೆಯದು. ಬೆಲ್ಲ ಜೆ-ಎ-ಜಿ-ಜಿ-ಇ-ಆರ್-ವೈ, ಏಳಕ್ಷರ, ಬಿಲ್ಲೆಗಳ ಮೇಲೆಯೇ 19 ಅಂಕ, ಏಳೂ ಒಟ್ಟಿಗೆ ಹಾಕಿದರೆ ಇನ್ನೊಂದು 50.

ನನಗೆ ಇಷ್ಟವಾದ ಕಾರ್ಡು ಬಿ-ಎ-ಟಿ-ಟಿ-ಎ. ಆಟದಲ್ಲಿ ಏಳೇ ಅಂಕ, ದೊಡ್ಡದೇನಲ್ಲ. ಕಂಪನಿ ಸಿಪಾಯಿಗಳಿಗೆ ಸಂಬಳದ ಮೇಲೆ ಕೊಡುತ್ತಿದ್ದ ಹೆಚ್ಚುವರಿ ದುಡ್ಡಿಗೆ ಈ ಹೆಸರು. ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದ ಇದರ ಮೂಲ ಬಹುಶಃ ಕನ್ನಡದ ಭತ್ತ ಎಂದು ನಿಘಂಟುಗಳು ಹೇಳುತ್ತವೆ. ಡಬ್ಬದಲ್ಲಿ ಹೊಟ್ಟು ತುಂಬಿ ಅಲ್ಲಾಡಿಸಿ ತೋಳು ನೋಯಿಸಿಕೊಂಡ ವಾರವೇ ಇದನ್ನು ಬರೆದದ್ದು.

ಕಚೇರಿ ಪದಗಳಲ್ಲಿ ತಾಲ್ಲೂಕು, ಲಕ್ಷ, ಕೋಟಿ, ಲಾಠಿ, ಬಂದೋಬಸ್ತು ಎಲ್ಲ ಇವೆ. ಜತೆಗೆ ಅಮಲ್ದಾರ. ಹಳೆಯ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಮುಖ್ಯ ಅಧಿಕಾರಿ, ಪಟ್ಟಿಯಲ್ಲಿ ಎ-ಎಂ-ಐ-ಎಲ್-ಡಿ-ಎ-ಆರ್. ನಡುವೆ ಇರುವುದು ಎ ಅಲ್ಲ, ಐ. ಇದನ್ನು ಮೂರು ಸಲ ತಪ್ಪಿ ನಾಲ್ಕನೇ ಸಲ ಎರಡನೇ ಖಾನೆಗೆ ಕಳಿಸಿದೆ, ಆಮೇಲೆ ಮೂರಕ್ಕೆ. ಕಲಿತೆ ಎಂದುಕೊಂಡೆ.

ನವೆಂಬರ್ 30: ಪರೀಕ್ಷೆ

ಭಾವ ಯಾರದೋ ಗೃಹಪ್ರವೇಶಕ್ಕೆ ಬಂದವರು ಸಂಜೆ ಮನೆಗೆ ಬಂದರು. ಮೊದಲು ಚೀಲಕ್ಕೆ ಕೈ ಹಾಕಿ ಎರಡು ನಿಮಿಷ ತಡಕಾಡಿದರು. ಕ್ಯೂ ಸಿಗಲಿಲ್ಲ. ಸ್ಟ್ಯಾಂಡಿನ ಬೆನ್ನು ನೋಡಿದರು, ಅಲ್ಲೂ ಸಿಗಲಿಲ್ಲ. "ಪರವಾಗಿಲ್ಲ," ಅಂದರು. ಅವರ ಬಾಯಿಂದ ಅಷ್ಟು ಬಂದರೆ ದೊಡ್ಡದು.

ಮೊದಲ ಸರದಿ ನನ್ನದು. ಕೈಯಲ್ಲಿ ಎ, ಎ, ಡಿ, ಐ, ಎಲ್, ಎಂ, ಆರ್. ಕ್ರಮದಲ್ಲೇ ಜೋಡಿಸಿಕೊಂಡೆ, ನೋಡಿದೆ, ಡ್ರಾಮಾ ಕಂಡಿತು. ಡಿ ಡಬಲ್ ಲೆಟರ್ ಚೌಕಕ್ಕೆ ಬರುವಂತೆ ಇಟ್ಟು 20 ಅಂಕ ತೆಗೆದುಕೊಂಡು ಹಿಗ್ಗಿದೆ.

ನಡುವೆ ಝಡ್-ಎಚ್-ಓ ಹಾಕಿದೆ, ಪದದ ಅಂಕ ದುಪ್ಪಟ್ಟಾಗುವ ಡಬಲ್ ವರ್ಡ್ ಚೌಕ, 30. ಭಾವ ಚಾಲೆಂಜ್ ಮಾಡಿದರು! ತಪ್ಪಾದ ಚಾಲೆಂಜಿಗೆ 5 ಅಂಕ ದಂಡ ಎಂದು ಮೊದಲೇ ಒಪ್ಪಂದವಾಗಿತ್ತು. ಅವರದೇ ಪುಸ್ತಕ ಅವರಿಗೇ ತೆರೆದು ತೋರಿಸಿದೆ. ಮಗಳು ಚಪ್ಪಾಳೆ ತಟ್ಟಿದಳು, ಅಕ್ಕ ಒಳಗಿನಿಂದ "ಏನಾಯ್ತು?" ಅಂತ ಕೂಗಿದಳು.

ಕೊನೆಗೆ 38 ಅಂಕದಲ್ಲಿ ಸೋತೆ. ಅಕ್ಟೋಬರಿನಲ್ಲಿ 140ರಿಂದ ಸೋತಿದ್ದೆ. ಬೋರ್ಡು ಮಡಚುವಾಗ ಭಾವ ನನ್ನ ಮೊದಲ ಕೈ ಏನಿತ್ತು ಎಂದು ಕೇಳಿದರು. ಅಕ್ಷರ ಹೇಳುತ್ತ ಹೇಳುತ್ತ ನನ್ನ ನಾಲಿಗೆ ನಿಂತಿತು. ಎ-ಎ-ಡಿ-ಐ-ಎಲ್-ಎಂ-ಆರ್. ಅಮಲ್ದಾರನ ಕಾರ್ಡಿನ ಮುಖ ಅದೇ. ಏಳೂ ಬಿಲ್ಲೆ, ನಡುಚೌಕದ ಡಬಲ್ ಸೇರಿ ಕಡಿಮೆಯೆಂದರೂ 70. ಅದನ್ನು ಹಾಕಿದ್ದರೆ ಮುಂದಿನ ಆಟವೇ ಬೇರೆಯಾಗುತ್ತಿತ್ತು, ಲೆಕ್ಕ ನೇರವಾಗಿ ಹಾಕಲಾಗದು ನಿಜ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಖರ್ಚು

ಕಾರ್ಡು 100, ಹಾಳಾದ ಪ್ಲೈ 150, ಎರಡನೇ ಪ್ಲೈ ಮತ್ತು ಹಾರ್ಡ್‌ಬೋರ್ಡು 120, ತೇಗ ಸೀಳಿಸಿದ್ದು 80, ಪೈನ್ ಸೀಳಿಸಿದ್ದು 100, ಉಪ್ಪುಕಾಗದ 60, ಫೆವಿಕಾಲ್ 45, ಮಾರ್ಕರ್ ಎರಡು 60, ಕೀಲು-ಕೊಕ್ಕೆ 70, ಮೊಳೆ 20. ಒಟ್ಟು 805 ರೂ. ಇದರಲ್ಲಿ 230 ನನ್ನ ತಪ್ಪಿನ ಬಾಬತ್ತು. ಪೈನ್ ಮರ, ಟೀ ಪುಡಿ, ಮರಳು ಮನೆಯವು. ಖಾಲಿ ಕಾರ್ಡು ಇನ್ನು 7 ಉಳಿದಿವೆ.

ಬಾಕಿ: ಕೆ ಬಿಲ್ಲೆಯ ಅಕ್ಷರ ಕೆರೆದು ಫೆವಿಕಾಲ್ ದಪ್ಪ ಬಳಿದು ಮತ್ತೆ ಬರೆಯಬೇಕು. ರಾಗಿಯ ಉಳಿದ ಮೂರು ಸ್ಪೆಲಿಂಗಿಗೆ ಮೂರು ಕಾರ್ಡು. ಅಮಲ್ದಾರನನ್ನು ಇವತ್ತು ಬೆಳಿಗ್ಗೆಯೇ ಮೂರನೇ ಖಾನೆಯಿಂದ ತೆಗೆದು ಮೊದಲನೆಯದಕ್ಕೆ ಹಾಕಿದ್ದೇನೆ.